ಮುಂಬೈ ಮೇಲೆ ಗಿರಕಿ

ಬೆಂಗಳೂರಿಂದ ಮುಂಬೈಗೆ ಹಾರುವುದಕ್ಕಿಂತ ಇಳಿಯುವುದೇ ದೊಡ್ಡ ಕೆಲಸ. ವಿಮಾನ ಒಂದೇ ಕಡೆ ವಾಲಿಕೊಂಡು ಸುತ್ತುತ್ತಲೇ ಇರುತ್ತದೆ. ಕಿಟಕಿಯಲ್ಲಿ ಅದೇ ಗುಡ್ಡ, ಅದೇ ನೀರು ಮತ್ತೆ ಮತ್ತೆ. ಸುಮ್ನೆ ಇಂಧನ ದಂಡ, ಮುಂದಿನ ವಿಮಾನ ಹಿಡಿಯಬೇಕಾದವರಿಗೆ ಪ್ರಾಣಸಂಕಟ.

ಅಲ್ಲಿರುವ ಎರಡು ರನ್‌ವೇ ಒಂದನ್ನೊಂದು ಅಡ್ಡ ಹಾಯುತ್ತವೆ, ಎರಡನ್ನೂ ಒಟ್ಟಿಗೆ ಬಳಸುವ ಹಾಗಿಲ್ಲ. 2025ರ ಡಿಸೆಂಬರ್‌ನಲ್ಲಿ ನವಿ ಮುಂಬೈ ನಿಲ್ದಾಣವೂ ಶುರುವಾಯಿತು, ಸಂತೋಷವೇ. ಆದರೆ ಎರಡಕ್ಕೂ ಇರುವುದು ಒಂದೇ ಆಕಾಶ ಅಲ್ವಾ? ಮೇಲಿನ ದಾರಿಗಳನ್ನೂ ಹೊಸದಾಗಿ ಹಾಕಬೇಕು. ದೇಶದ ವಾಯುಪ್ರದೇಶದಲ್ಲಿ 60% ಮಾತ್ರ ನಾಗರಿಕ ವಿಮಾನಗಳಿಗೆ ಸಲೀಸಾಗಿ ಸಿಗುತ್ತದೆ ಎಂದು 2020ರಲ್ಲಿ ಸರ್ಕಾರವೇ ಹೇಳಿತ್ತು. ಸೇನೆಗೆ ಬೇಡದ ಹೊತ್ತಲ್ಲಾದರೂ ಉಳಿದದ್ದನ್ನು ಬಿಟ್ಟುಕೊಡಲಿ. ಅಲ್ಲಿಯವರೆಗೆ, ಕಾಯಿಸಲೇಬೇಕಿದ್ದರೆ ಬೆಂಗಳೂರಲ್ಲೇ ನೆಲದ ಮೇಲೆ ಕಾಯಿಸಿ.