ನನ್ನ ತಪ್ಪು ತೂತನ್ನೂ ಕದ್ದಿದ್ದಾರೆ

ನಿನ್ನೆ ಒಂದು ವಸ್ತುಪ್ರದರ್ಶನದಲ್ಲಿ ಮಡಚುವ ಏಣಿ ನೋಡಿ ಅಲ್ಲೇ ನಿಂತುಬಿಟ್ಟೆ. ಅದರ ಲಾಕ್ ನಾನು ಮಾಡಿದ ಡಿಸೈನ್! ನನ್ನ ಏಣಿ ಪುರಾಣ ಕೇಳಿ ಸುಸ್ತಾದವರು ಇಲ್ಲಿಂದಲೇ ಸ್ಕ್ರೋಲ್ ಮಾಡಿ, ಬೇಜಾರಿಲ್ಲ. ಲಾಕ್ ಪ್ಲೇಟಿನ ಎಡ ಮೂಲೆಯಲ್ಲಿ ಒಂದು ಸಣ್ಣ ತೂತಿದೆ. ಅದಕ್ಕೆ ಏನೂ ಕೆಲಸವಿಲ್ಲ. ಮೊದಲ ಸ್ಯಾಂಪಲ್ ಮಾಡುವಾಗ ಸ್ಪ್ರಿಂಗಿಗೆ ಅಂತ ತಪ್ಪು ಜಾಗದಲ್ಲಿ ಡ್ರಿಲ್ ಮಾಡಿದ್ದೆ, ಆಮೇಲೆ ಸೋಮಾರಿತನದಿಂದ ಡ್ರಾಯಿಂಗಿನಲ್ಲಿ ಹಾಗೇ ಬಿಟ್ಟಿದ್ದೆ. ಅದನ್ನೂ ಬಿಡದೆ ಕಾಪಿ ಹೊಡೆದಿದ್ದಾರೆ.

ಪೇಟೆಂಟ್ ಮಾಡಿಸಿಲ್ವಾ ಅಂತ ಕೇಳಬೇಡಿ. ಮಾಡಿಸಿದ್ದೇನೆ. ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕಿದ್ದೇನೆ, ಹಿಂದೆ ಹಲ್ಲಿ ಸಂಸಾರ ಮಾಡುತ್ತಿದೆ. ವಕೀಲರು ಹೇಳಿದ್ದು ಇಷ್ಟು: ನೀವು ಕೇಸ್ ಹಾಕಿದ ತಕ್ಷಣ ಅವರು ನಿಮ್ಮ ಪೇಟೆಂಟೇ ಸಿಂಧು ಅಲ್ಲ ಅಂತಾರೆ, ವರ್ಷಗಟ್ಟಲೆ ಎಳೆಯುತ್ತಾರೆ, ಗೆದ್ದರೂ ಸಿಗುವುದು ಮೊದಲೇ ಕೊಡಬೇಕಿದ್ದ ರಾಯಲ್ಟಿ, ಅಂದರೆ ಬಳಸಿದ್ದಕ್ಕೆ ಕೊಡುವ ದುಡ್ಡು, ಅಷ್ಟೇ. ಲೆಕ್ಕ ನೋಡಿ. ಕೇಳಿ ತಗೊಂಡರೆ ರಾಯಲ್ಟಿ. ಕದ್ದು ಸಿಕ್ಕಿಬಿದ್ದರೂ ಹೆಚ್ಚುಕಡಿಮೆ ಅದೇ ರಾಯಲ್ಟಿ. ಸಿಕ್ಕಿಬೀಳದಿದ್ದರೆ ಪುಕ್ಕಟೆ. ಯಾವ ಹುಚ್ಚ ಕೇಳಿ ತಗೊಳ್ತಾನೆ?

ತುಂತುರು ಮಳೆಯಲ್ಲಿ ಕಾರಿನ ವೈಪರ್ ನಿಂತು ನಿಂತು ಆಡುತ್ತದಲ್ಲ, ಅದಕ್ಕೆ ಅಮೆರಿಕದ ರಾಬರ್ಟ್ ಕರ್ನ್ಸ್ 1967ರಲ್ಲಿ ಪೇಟೆಂಟ್ ಪಡೆದಿದ್ದರು. ಅದನ್ನು ಕಾಪಿ ಮಾಡಿದ್ದಾರೆ ಅಂತ ಫೋರ್ಡ್ ಕಾರು ಕಂಪನಿ ಮೇಲೆ 1978ರಲ್ಲಿ ಕೇಸ್ ಹಾಕಿದರು. 1.02 ಕೋಟಿ ಡಾಲರ್ ಕೈಗೆ ಬರುವ ಮಾತಾದದ್ದು 1990ರಲ್ಲಿ. ಅಷ್ಟರಲ್ಲಿ ಆ ಮೊದಲ ಪೇಟೆಂಟಿನ ಅವಧಿ ಮುಗಿದಿತ್ತು, ಸಂಸಾರವೂ ಮುರಿದಿತ್ತು. ಇದನ್ನು ಗೆಲುವು ಅಂತ ಹೇಳಿಕೊಂಡು ತಿರುಗುವವರಿಗೆ ನನ್ನ ನಮಸ್ಕಾರ. ಅಷ್ಟು ಸಾಲದು ಅಂತ 2006ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇಬೇ ಅನ್ನುವ ಆನ್‌ಲೈನ್ ಮಾರಾಟ ಕಂಪನಿಯ ಕೇಸಿನಲ್ಲಿ, ಕಾಪಿ ಅಂತ ಸಾಬೀತಾದರೂ ತಡೆಯಾಜ್ಞೆ ತಾನಾಗಿ ಸಿಗುವುದಿಲ್ಲ ಅಂದಿತು. ನನ್ನ ಜಗಳ ಇರುವುದೇ ಇಲ್ಲಿ. ‘ನಿಲ್ಲಿಸು’ ಅನ್ನುವ ಹಕ್ಕಿಲ್ಲದ ಮೇಲೆ ಪೇಟೆಂಟ್ ಯಾಕೆ, ಹಲ್ಲಿಗಾ?

ಈಗ ಕಾಮೆಂಟಿಗೆ ಬರುತ್ತೀರಿ, ಗೊತ್ತು. ‘ಏನೂ ತಯಾರಿಸದೆ ಪೇಟೆಂಟ್ ಕೊಂಡಿಟ್ಟು ಕೇಸ್ ಹಾಕಿಕೊಂಡೇ ಬದುಕುವ ಟ್ರೋಲ್‌ಗಳು ಇದ್ದಾರಲ್ಲ?’ ಇದ್ದಾರೆ. ಅವರಿಗೆ ದಂಡ ಹಾಕಿ, ನಾನು ಬೇಡ ಅಂದೆನಾ? ನೆಗಡಿ ಬಂತು ಅಂತ ಮೂಗು ಕೊಯ್ಕೊಳ್ಳೋದಾ? ‘ನೆದರ್‌ಲ್ಯಾಂಡ್ಸ್ 1869ರಿಂದ 1912ರವರೆಗೆ ಪೇಟೆಂಟ್ ಇಲ್ಲದೆಯೇ ಬೆಳೀತು’ ಅಂತ ಇನ್ನೊಬ್ಬರು. ಬೇರೆ ದೇಶದವರು ಕಂಡುಹಿಡಿದದ್ದನ್ನು ಬಿಟ್ಟಿ ಬಳಸಬಹುದಾದರೆ ಯಾರು ಬೆಳೆಯಲ್ಲ ಹೇಳಿ! 1912ರಲ್ಲಿ ಅವರೇ ಮತ್ತೆ ಪೇಟೆಂಟ್ ಕಾನೂನು ಜಾರಿಗೆ ತಂದರು, ಅದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಒಂದು ಗುಟ್ಟು ಹೇಳ್ತೀನಿ. ಎರಡು ವರ್ಷದಿಂದ ನನ್ನ ಹತ್ತಿರ ಇನ್ನೊಂದು ಲಾಕ್ ಇದೆ, ಇದಕ್ಕಿಂತ ಚೆನ್ನಾಗಿದೆ. ಡ್ರಾಯರಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಪೇಟೆಂಟ್ ಅಂದರೆ ಒಪ್ಪಂದ ತಾನೇ? ನಾನು ನನ್ನ ವಿದ್ಯೆಯನ್ನು ಎಲ್ಲರೂ ಓದುವ ಹಾಗೆ ಬರೆದುಕೊಡಬೇಕು, ಬದಲಿಗೆ 20 ವರ್ಷ ನನಗೆ ರಕ್ಷಣೆ. ರಕ್ಷಣೆಯೇ ಇಲ್ಲದಿದ್ದರೆ ನಾನ್ಯಾಕೆ ಬರೆದುಕೊಡಲಿ? ದುಡ್ಡು ಹಾಕೋಕೆ ಬಂದವರೂ ‘ದೊಡ್ಡವರು ಕಾಪಿ ಮಾಡಿದರೆ ಏನು ಮಾಡ್ತೀರಿ’ ಅಂದರು. ನಾನು ಸುಮ್ನೆ ಕೂತೆ. ಎದ್ದು ಹೋದರು. ಆ ಫ್ಯಾಕ್ಟರಿ ಆಗಲಿಲ್ಲ, ಅದರಲ್ಲಿ ಯಾರಿಗೂ ಕೆಲಸ ಸಿಗಲಿಲ್ಲ.

ಅಂದಹಾಗೆ, ನಿನ್ನೆ ಸ್ಟಾಲಿನ ಹುಡುಗನನ್ನು ‘ಈ ತೂತು ಯಾತಕ್ಕಪ್ಪ?’ ಅಂತ ಕೇಳಿದೆ.

‘ತೂಕ ಕಡಿಮೆ ಮಾಡೋಕೆ ಸರ್. ನಮ್ಮ ಕಂಪನಿ ಸ್ಪೆಷಲ್ ಡಿಸೈನ್’ ಅಂದ.