ಅತ್ತಿ ಹಣ್ಣು ಯಾರಿಗಾಗಿ?

‘ಪ್ರಕೃತಿಯಲ್ಲಿ ಯಾವುದೂ ಸುಮ್ನೆ ಇಲ್ಲ, ಎಲ್ಲಕ್ಕೂ ಒಂದು ಉದ್ದೇಶ ಇದೆ’ ಅನ್ನೋ ಪೋಸ್ಟು ಆಗಾಗ ಕಣ್ಣಿಗೆ ಬೀಳುತ್ತದೆ. ಜೊತೆಗೊಂದು ನವಿಲುಗರಿಯ ಫೋಟೊ. ನವಿಲುಗರಿ ಬಿಡಿ, ಒಂದು ಅತ್ತಿ ಹಣ್ಣು ಬಿಡಿಸಿ ನೋಡಿ ಅನ್ನಬೇಕು ಅನ್ನಿಸುತ್ತದೆ.

ಬಿಡಿಸಿದರೆ ಬರೀ ಹುಳ ಅಂತ ನಮ್ಮಲ್ಲಿ ಮಾತೇ ಇದೆಯಲ್ಲ. ಅವು ಕೊಳೆತಿದ್ದಕ್ಕೆ ಬಂದ ಹುಳ ಅಲ್ಲ, ಪುಟ್ಟ ಪುಟ್ಟ ಕಣಜಗಳು. ಅತ್ತಿಯ ಹೂವೆಲ್ಲ ಕಾಯಿಯ ಒಳಗೇ ಇರುತ್ತವೆ. ತುದಿಯಲ್ಲಿರುವ ಸಣ್ಣ ತೂತಿನಿಂದ ಹೆಣ್ಣು ಕಣಜ ಒಳಗೆ ನುಗ್ಗುತ್ತದೆ. ದಾರಿ ಎಷ್ಟು ಇಕ್ಕಟ್ಟು ಅಂದರೆ ರೆಕ್ಕೆ ಕಿತ್ತೇ ಹೋಗುತ್ತದೆ. ಒಳಗೆ ಪರಾಗ ಹಚ್ಚಿ, ಕೆಲವು ಹೂಗಳಲ್ಲಿ ಮೊಟ್ಟೆ ಇಟ್ಟು, ಅಲ್ಲೇ ಸಾಯುತ್ತದೆ. ಮುಂದೆ ಅದರ ಗಂಡುಮಕ್ಕಳು ಹುಟ್ಟುತ್ತವೆ. ಅವಕ್ಕೆ ರೆಕ್ಕೆಯೇ ಇಲ್ಲ. ಹೆಣ್ಣುಗಳ ಜೊತೆ ಕೂಡಿ, ಅವು ಹೊರಗೆ ಹೋಗಲು ಕಾಯಿಯ ಗೋಡೆ ಕೊರೆದುಕೊಟ್ಟು, ಸಾಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಇನ್ನೊಂದು ಮರಕ್ಕೆ ಹಾರುತ್ತವೆ.

ಎಂಥ ಅಚ್ಚುಕಟ್ಟು, ಅಲ್ವಾ? ಇಲ್ಲಿಗೆ ನಿಲ್ಲಿಸಿದರೆ ಪೋಸ್ಟಿಗೆ ಒಳ್ಳೇ ಸರಕು. ಆದರೆ ಇದೇ ಕಾಯಿಗೆ ಹೊರಗಿನಿಂದ ತಮ್ಮ ಮೈಯ ಸೂಜಿಯಂಥ ಅಂಗ ಚುಚ್ಚಿ ಮೊಟ್ಟೆ ಇಡುವ ಬೇರೆ ಕಣಜಗಳೂ ಇವೆ. ಅವು ಪರಾಗ ಮುಟ್ಟುವುದಿಲ್ಲ. ಕೆಲವಂತೂ ಒಳಗಿರುವ ಬೇರೆ ಕಣಜದ ಮರಿಗಳನ್ನು ತಿಂದೇ ಬೆಳೆಯುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಂಥದ್ದೊಂದು ಕಣಜದ ಸೂಜಿ ಪರೀಕ್ಷಿಸಿದರೆ, ತುದಿಯಲ್ಲಿ ಸತು ಸಿಕ್ಕಿತು! ಗಟ್ಟಿ ಕಾಯಿ ಕೊರೆದರೂ ಸವೆಯದ ತುದಿ.

ಈಗ ಹೇಳಿ, ಈ ಸೂಜಿ ಯಾರ ಉದ್ದೇಶ? ಮರದ್ದಂತೂ ಅಲ್ಲ. ಗಡಿಯಾರ ಇದ್ದರೆ ಗಡಿಯಾರ ಮಾಡಿದವನೂ ಇರಬೇಕು ಅಂತ 1802ರಲ್ಲಿ ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ ವಾದಿಸಿದ. ಅವನಿಗಿಂತ ಎಷ್ಟೋ ಶತಮಾನ ಮೊದಲೇ ನಮ್ಮ ನ್ಯಾಯದರ್ಶನದ ಉದಯನಾಚಾರ್ಯರು ಜಗತ್ತು ಕಾರ್ಯ, ಅಂದರೆ ಉಂಟಾದದ್ದು, ಆದ್ದರಿಂದ ಅದಕ್ಕೊಬ್ಬ ಕರ್ತೃ ಬೇಕು ಅಂದಿದ್ದರು. ಸರಿ, ಆದರೆ ಕಳ್ಳನ ಕನ್ನಗತ್ತಿಯನ್ನೂ ಮನೆ ಬೀಗದಷ್ಟೇ ಮುತುವರ್ಜಿಯಿಂದ ಮಾಡಿಕೊಟ್ಟಿರುವ ಕರ್ತೃ ಯಾರ ಪರ? ಡಾರ್ವಿನ್‌ಗೂ ಇದೇ ಕಾಡಿತ್ತು. ಜೀವಂತ ಕಂಬಳಿಹುಳವನ್ನು ಒಳಗಿನಿಂದ ತಿನ್ನುವ ಕಣಜವನ್ನು ದಯಾಳು ದೇವರು ಬೇಕೆಂದೇ ಸೃಷ್ಟಿಸಿದ ಅಂತ ನಂಬಲಾರೆ ಅಂತ 1860ರಲ್ಲಿ ಗೆಳೆಯ, ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ.

ಸೂಜಿ ಕೊರೆಯಲಿಕ್ಕೆ, ರೆಕ್ಕೆ ಹಾರಲಿಕ್ಕೆ ಅನ್ನುವುದರಲ್ಲಿ ತಪ್ಪೇನಿಲ್ಲ. ಸ್ವಲ್ಪ ಚೆನ್ನಾಗಿ ಕೊರೆದವು ಜಾಸ್ತಿ ಮರಿ ಬಿಟ್ಟವು, ತಲೆಮಾರುಗಟ್ಟಲೆ ಅದೇ ನಡೆಯಿತು. ಕೆಲಸ ಇದೆ, ಕೆಲಸ ಹೇಳಿದವರು ಬೇಕಾಗಿಲ್ಲ.

ಇಷ್ಟು ಹೇಳಿದರೆ ‘ನೀವು ನಾಸ್ತಿಕರು’ ಅಂತ ಕಾಮೆಂಟ್ ಬರುತ್ತದೆ, ಗೊತ್ತು. ಜಗತ್ತಿಗೆ ಚೇತನವೇ ಕಾರಣ ಅಂತ ವಾದಿಸಿದ ಶಂಕರಾಚಾರ್ಯರನ್ನೇ ತಗೊಳ್ಳಿ. ‘ಏನೂ ಕೊರತೆಯಿಲ್ಲದ ಈಶ್ವರ ಯಾವ ಪ್ರಯೋಜನಕ್ಕೆ ಸೃಷ್ಟಿ ಮಾಡಿದ?’ ಅನ್ನೋ ಪ್ರಶ್ನೆಗೆ ಬ್ರಹ್ಮಸೂತ್ರದ ಭಾಷ್ಯದಲ್ಲಿ ಅವರ ಉತ್ತರ: ಯಾವುದಕ್ಕೂ ಅಲ್ಲ, ಬರೀ ಲೀಲೆ, ಉಸಿರಾಡಿದಷ್ಟೇ ಸಹಜ. ಕಣಜದ ಮರಿಗೂ ಇದು ಲೀಲೆಯಾ ಅಂತ ನನಗೆ ತಕರಾರಿದೆ, ಅದು ಬೇರೆ ಜಗಳ. ಆದರೆ ಎಲ್ಲಕ್ಕೂ ಉದ್ದೇಶ ಇದೆ ಅನ್ನೋರು ನನ್ನ ಹತ್ತಿರ ಬರೋ ಮೊದಲು ಶಂಕರರ ಜೊತೆ ವಾದ ಮುಗಿಸಿಕೊಂಡು ಬರಲಿ.