ಊಟ ಬಿಟ್ಟೆದ್ದ ಆಚಾರ್ಯರು

ನಮ್ಮದು ಆರು ಜನರ ಓದುಗುಂಪು. ತಿಂಗಳಿಗೊಂದು ಪುಸ್ತಕ, ಕೊನೆಯ ಭಾನುವಾರ ಯಾರದಾದರೂ ಮನೆಯಲ್ಲಿ ಹರಟೆ. ಈ ಸಲ ಅನಂತಮೂರ್ತಿಯವರ ‘ಸಂಸ್ಕಾರ’. ಎಲ್ಲರೂ ಕಾಲೇಜಿನಲ್ಲಿ ಓದಿದವರು, ಇಲ್ಲವೇ ಓದಿದ್ದೇವೆ ಅಂತ ಹೇಳಿಕೊಂಡು ತಿರುಗಿದವರು. ನಾನು ಎರಡನೆಯ ಪೈಕಿ.

ಬ್ಯಾಂಕಿನಲ್ಲಿರುವ ಗೆಳೆಯ ಶುರುಮಾಡಿದ. ನವ್ಯ, ಅಸ್ತಿತ್ವವಾದ, ಫ್ರಾನ್ಸಿನ ಲೇಖಕರಾದ ಕಮೂ, ಸಾರ್ತ್ರ. ಅರ್ಧ ಗಂಟೆ! ತಪ್ಪೇನಿಲ್ಲ ಬಿಡಿ. ಅನಂತಮೂರ್ತಿ ಇದನ್ನು ಬರೆದದ್ದೇ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪಿಎಚ್‌.ಡಿ. ಮಾಡುತ್ತಿದ್ದಾಗ. 1965ರಲ್ಲಿ ಪುಸ್ತಕ ಬಂತು. ಆ ಗಾಳಿ ಸೋಕದೆ ಇರುತ್ತಾ? ಇನ್ನೊಬ್ಬಳಿಗೆ 1970ರ ಸಿನಿಮಾದಿಂದ ಹೊರಗೆ ಬರಲಾಗುತ್ತಿಲ್ಲ. ಪ್ರಾಣೇಶಾಚಾರ್ಯರು ಅಂದರೆ ಗಿರೀಶ್ ಕಾರ್ನಾಡರ ಮುಖ, ನಾರಣಪ್ಪ ಅಂದರೆ ಲಂಕೇಶ್. ಅಷ್ಟೇ, ಮುಂದಕ್ಕೆ ಹೋಗುವುದಿಲ್ಲ.

ಆಗ ನಮ್ಮ ಶುಗರ್ ಗೆಳೆಯ ಬಾಯಿ ಬಿಟ್ಟ. ಅವನಿಗೆ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ಜೇಬಿನಲ್ಲಿ ಸದಾ ಬಿಸ್ಕತ್ತು.

“ಅರ್ಧವೇ ಓದಿರೋದು, ಬೈಬೇಡಿ. ಒಂದು ಡೌಟು. ಈ ಜನ ಅಷ್ಟು ಹೊತ್ತು ಉಪವಾಸ ಹೇಗಿದ್ದರು? ನನಗಾದರೆ ಮಧ್ಯಾಹ್ನ ಒಂದೂವರೆಗೇ ಕೈ ನಡುಗುತ್ತೆ.”

ಎಲ್ಲರೂ ನಕ್ಕೆವು. ಅವನು ನಗಲಿಲ್ಲ. “ಮೊದಲ ಪುಟ ನೋಡಿ. ಆಚಾರ್ಯರು ಕಾಯಿಲೆಯ ಹೆಂಡತಿಗೆ ಗಂಜಿ ಕೊಡ್ತಾರೆ. ಆಮೇಲೆ ತಾವು ಊಟಕ್ಕೆ ಕೂರೋ ಹೊತ್ತಿಗೆ ಅಂಗಳದಲ್ಲಿ ಚಂದ್ರಿ, ನಾರಣಪ್ಪ ಇಟ್ಟುಕೊಂಡ ಬೇರೆ ಜಾತಿಯವಳು. ಅವಳ ಜೊತೆ ಮಾತಾಡಿದರೆ ಮೈಲಿಗೆ, ಮತ್ತೆ ಸ್ನಾನ ಮಾಡದೆ ಊಟ ಇಲ್ಲ. ಹಾಗಂತ ಹೆಂಗಸು ಅಂಗಳದಲ್ಲಿ ಕಾಯ್ತಿರುವಾಗ ತುತ್ತು ಇಳಿಯುತ್ತಾ? ಇಡೀ ಕಥೆ ಅಲ್ಲೇ ಶುರು ಆಗಿದೆ ಕಣ್ರೋ.”

ಓದದವರಿಗೆ ಎರಡು ಮಾತು. ದೂರ್ವಾಸಪುರ ಅನ್ನುವ ಅಗ್ರಹಾರ. ಜಾತಿ ಕಟ್ಟುಪಾಡನ್ನೆಲ್ಲ ಮುರಿದ ನಾರಣಪ್ಪ ಶಿವಮೊಗ್ಗದಿಂದ ಜ್ವರ ಹಿಡಿಸಿಕೊಂಡು ಬಂದು ಸಾಯುತ್ತಾನೆ. ಹೆಣ ಸುಡುವವರು ಯಾರು? ಸುಡುವ ತನಕ ಬ್ರಾಹ್ಮಣರು ಊಟ ಮಾಡುವ ಹಾಗಿಲ್ಲ. ಜೊತೆಗಿದ್ದ ಚಂದ್ರಿ ಮೈಮೇಲಿನ ಚಿನ್ನ ಬಿಚ್ಚಿ ಇಟ್ಟ ಮೇಲಂತೂ ಶಾಸ್ತ್ರಕ್ಕೆ ಆಸೆಯೂ ಸೇರಿಕೊಳ್ಳುತ್ತದೆ. ಊರಿಗೆಲ್ಲ ದಾರಿ ತೋರಿಸಬೇಕಾದ ಆಚಾರ್ಯರಿಗೆ ಓಲೆಗರಿಯಲ್ಲೂ ಉತ್ತರ ಸಿಗುವುದಿಲ್ಲ, ಮಾರುತಿಯೂ ಹೂ ಕೊಡುವುದಿಲ್ಲ.

ಮನೆಗೆ ಬಂದವನು ಪೆನ್ಸಿಲ್ ಹಿಡಿದು ಮತ್ತೆ ಓದಿದೆ. ಅವನು ಹೇಳಿದ್ದು ಸುಳ್ಳಲ್ಲ. ಹಸಿವು ತಡೆಯಲಾರದೆ ಅಗ್ರಹಾರದ ದಾಸಾಚಾರ್ಯ ಪಾರಿಜಾತಪುರದಲ್ಲಿದ್ದ ಬೇರೆ ಪಂಗಡದ ಬ್ರಾಹ್ಮಣ ಮಂಜಯ್ಯನ ಮನೆಗೆ ಹೋಗಿ ಗುಟ್ಟಾಗಿ ತಿಂದು ಬರುತ್ತಾನೆ. ಆ ಮನೆಯಲ್ಲಿ ನೀರೂ ಮುಟ್ಟಬಾರದು ಅನ್ನುತ್ತಿದ್ದವನು! ಕಾಡಿನ ಕತ್ತಲಲ್ಲಿ ಆಚಾರ್ಯರು ಚಂದ್ರಿಯನ್ನು ಸೇರಿದ್ದನ್ನೇ ಎಲ್ಲರೂ ಹೇಳುತ್ತಾರೆ. ಆಮೇಲೆ ಅವಳು ಸೆರಗಿನಲ್ಲಿ ಕಟ್ಟಿಕೊಂಡಿದ್ದ ಬಾಳೆಹಣ್ಣು ಅವರಿಗೆ ತಿನ್ನಿಸಿದ್ದನ್ನು ಯಾರೂ ಹೇಳುವುದಿಲ್ಲ. ನನಗೆ ಆ ಬಾಳೆಹಣ್ಣೇ ಜಾಸ್ತಿ ಮುಖ್ಯ ಅನಿಸಿತು. ದಿನವಿಡೀ ಏನೂ ತಿನ್ನದ ಮನುಷ್ಯ. ತಿನ್ನಿಸುವ ಕೈ ಯಾರದು ಅಂತ ಕೇಳುವ ಸ್ಥಿತಿ ದಾಟಿಹೋಗಿದೆ.

ಇಲ್ಲೊಂದು ನನ್ನದೇ ಕಥೆ ಹೇಳಬೇಕು. ಅಜ್ಜ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ದೊಡ್ಡಪ್ಪ ಮುಂಬೈಯಿಂದ ಬರಬೇಕಿತ್ತು, ಬಸ್ಸು ತಡ. ಅಜ್ಜನನ್ನು ಸಂಜೆಯ ತನಕ ಜಗಲಿಯಲ್ಲೇ ಮಲಗಿಸಿದ್ದರು. ಒಲೆ ಹಚ್ಚುವ ಹಾಗಿಲ್ಲ. ಎಲ್ಲರೂ ಅಳುತ್ತಿದ್ದರು. ನನಗೆ ಹೊಟ್ಟೆ ಹಸಿದು ಅಳು ಬರುತ್ತಿತ್ತು. ನೋಡಿದವರು ‘ಪಾಪ, ಅಜ್ಜನ ಮೇಲೆ ಎಷ್ಟು ಪ್ರೀತಿ’ ಅಂದರು. ಪಕ್ಕದ ಮನೆಯ ಅತ್ತೆಯೊಬ್ಬರು ಹಿತ್ತಿಲ ಬಾಗಿಲಿಗೆ ಕರೆದು ಒಂದು ಹಿಡಿ ಮೊಸರವಲಕ್ಕಿ ಕೊಟ್ಟರು. ಅದನ್ನು ಗಬಗಬ ತಿಂದು, ಬಾಯಿ ಒರೆಸಿಕೊಂಡು ಬಂದು ಮತ್ತೆ ಅತ್ತೆ. ಇವತ್ತಿನವರೆಗೂ ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ದಾಸಾಚಾರ್ಯನನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ.

ಮಾರನೆಯ ದಿನ ವಾಟ್ಸಾಪಿನಲ್ಲಿ ಇದನ್ನೆಲ್ಲ ಬರೆದು ಹಾಕಿದೆ. ವಕೀಲೆ ಗೆಳತಿ ಬಿಡಲಿಲ್ಲ. “ಎಲ್ಲ ಹಸಿವಿಗೆ ಹಾಕಿ ಆಚಾರ್ಯರನ್ನು ಪಾರು ಮಾಡಬೇಡ. ಆ ಹೆಣ ಕೊನೆಗೆ ಸುಟ್ಟಿದ್ದು ಯಾರು? ಚಂದ್ರಿ. ಮೀನಿನ ವ್ಯಾಪಾರದ ಅಹ್ಮದ್ ಬ್ಯಾರಿಯ ಗಾಡಿ ತರಿಸಿ ರಾತ್ರೋರಾತ್ರಿ ಮುಗಿಸಿ, ಕುಂದಾಪುರಕ್ಕೆ ಹೋದಳು. ಅಲ್ಲಿಗೆ ಸಮಸ್ಯೆ ಮುಗಿಯಿತು. ಅಗ್ರಹಾರದವರಿಗೆ ಯಾರಿಗೂ ಗೊತ್ತೇ ಇಲ್ಲ. ದಲಿತರ ಕೇರಿಯ ಹುಡುಗಿ ಬೆಳ್ಳಿಯ ಅಪ್ಪ ಅಮ್ಮ ಸತ್ತಾಗ ಹೆಣದ ಸಮೇತ ಗುಡಿಸಲಿಗೆ ಬೆಂಕಿ ಇಟ್ಟರು. ಅಲ್ಲಿ ಯಾರು ಗ್ರಂಥ ತೆಗೆದರು?”

ಅವಳ ಮಾತು ಸರಿ. ಮುಂದುವರಿದು, ಚಂದ್ರಿಯ ಕೈಯಲ್ಲಿ ಕೆಲಸ ಮಾಡಿಸಿಕೊಂಡ ಕಾದಂಬರಿ ಆಮೇಲೆ ಅವಳನ್ನು ಮರೆತೇಬಿಡುತ್ತದೆ ಅಂತಲೂ ಬರೆದಳು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಒಂದು ಮಾತ್ರ ಹೇಳಬಲ್ಲೆ. ಇಡೀ ಪುಸ್ತಕದಲ್ಲಿ ಹಸಿವಾದಾಗ ಸುಮ್ನೆ ತಿಂದವಳು ಚಂದ್ರಿ. ತೋಟದ ಬಾಳೆಹಣ್ಣು ಕಿತ್ತು ತಿಂದಳು, ಉಳಿದದ್ದು ಸೆರಗಿಗೆ ಕಟ್ಟಿಕೊಂಡಳು. ಅದರ ಬಗ್ಗೆ ಅವಳಿಗೆ ಚಿಂತೆಯೂ ಇಲ್ಲ, ಅಳುಕೂ ಇಲ್ಲ. ಹೆಣದ ವಿಷಯದಲ್ಲೂ ಅವಳು ಮಾಡಿದ್ದು ಅದನ್ನೇ ಅಲ್ವಾ? ಆಗಬೇಕಾದ್ದನ್ನು ಮಾಡಿ ಹೋದಳು.

ಬ್ಯಾಂಕಿನವನ ತಕರಾರು ಬೇರೆ. ಕೊನೆಗೆ ಏನೂ ತೀರ್ಮಾನವಾಗುವುದಿಲ್ಲವಂತೆ. ಆಚಾರ್ಯರು ಗಾಡಿ ಹತ್ತಿ ಕೂರುತ್ತಾರೆ, ಪುಸ್ತಕ ಮುಗಿಯುತ್ತದೆ, ಇದೆಂಥ ಕೊನೆ ಅಂತ. ಅದರ ಮೇಲೆ ನಲವತ್ತು ಮೆಸೇಜು. ನಾನು ಫೋನು ಸೈಲೆಂಟ್ ಮಾಡಿ ಮಲಗಿದೆ.

ಬೆಳಿಗ್ಗೆ ಎದ್ದು ನೋಡಿದರೆ ಶುಗರ್ ಗೆಳೆಯನ ಮೆಸೇಜು, ರಾತ್ರಿ ಒಂದೂ ಇಪ್ಪತ್ತಕ್ಕೆ ಕಳಿಸಿದ್ದು. “ಮುಗಿಸಿದೆ. ಹೆಂಡತಿ ಸತ್ತ ಸೂತಕ ಇನ್ನೂ ಕಳೆದಿಲ್ಲ, ಮೇಳಿಗೆಯ ದೇವಸ್ಥಾನದಲ್ಲಿ ಪಂಕ್ತಿಯಲ್ಲಿ ಕೂತಿದ್ದಾರೆ. ಇನ್ನೇನು ಹೊಟ್ಟೆ ತುಂಬಬೇಕು, ಅಷ್ಟರಲ್ಲಿ ಯಾರೋ ಗುರುತು ಹಿಡಿದುಬಿಟ್ಟರು. ಆ ಮನುಷ್ಯ ಮತ್ತೆ ಊಟ ಬಿಟ್ಟು ಎದ್ದರಲ್ಲೋ!”

ಅದರ ಕೆಳಗೆ ಇನ್ನೊಂದು ಸಾಲು: “ನಾನು ಈಗ ಎದ್ದು ಎರಡು ಬಿಸ್ಕತ್ತು ತಿಂದೆ.”